ಬಿಚ್ಚದೆ ಉಳಿದ ಲಾಡಿ

ಮಸೂತಿ ನೋಡಿಕೊಳ್ಳುತ್ತಿದ್ದ ಮುಜಾವರ್ ಪೀರಾ ಸಾಬ್ ತೀರಿಕೊಂಡ ಸುದ್ದಿ ಬೆಳ್ಳಂಬೆಳಿಗ್ಗೆ ಮಾನ್ವಿಯ ಕೇರಿಗೆ ಬಂದಾಗ ಮೌನಪ್ಪ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಾ ನಿಂತಿದ್ದ. ಕಡ್ಡಿ ಬಾಯಲ್ಲೇ ಉಳಿಯಿತು. ಒಳ್ಳೆಯ ಮುದುಕ, ಊರಿಗೆ ಊರೇ ಕಣ್ಣೀರು ಹಾಕಿತು. ಸುಳ್ಳು ಯಾಕೆ ಹೇಳಲಿ, ಮೌನಪ್ಪನೂ ಹಾಕಿದ. ಆದರೆ ಅವನ ಕಣ್ಣೀರಿನಲ್ಲಿ ಅರ್ಧ ಪಾಲು ಸತ್ತವನಿಗಾದರೆ ಇನ್ನರ್ಧ ತನ್ನ ಬಲ ರಟ್ಟೆಗೆ ಕಟ್ಟಿದ್ದ ಲಾಡಿಗೆ.

ಲಾಡಿಯ ಸಂಗತಿ ಗೊತ್ತಿಲ್ಲದವರಿಗೆ ಹೇಳಬೇಕು. ಮೊಹರಂ ಬಂತೆಂದರೆ ಈ ಸೀಮೆಯಲ್ಲಿ ಹರಕೆ ಹೊತ್ತವರು, ಹಿಂದೂವಾಗಲಿ ಮುಸಲ್ಮಾನನಾಗಲಿ, ಮಸೂತಿಗೆ ಹೋಗಿ ಫಕೀರರಾಗುತ್ತಾರೆ. ಮುಜಾವರ್ ಅವರ ರಟ್ಟೆಗೆ ಕೆಂಪು ನೂಲಿನ ಲಾಡಿ ಕಟ್ಟುತ್ತಾನೆ. ಅದು ಮೈಮೇಲೆ ಇರುವಷ್ಟು ದಿನ ಸೇಂದಿ ಕುಡಿಯುವಂತಿಲ್ಲ, ಇಸ್ಪೀಟು ಹಿಡಿಯುವಂತಿಲ್ಲ, ಬಾಯಲ್ಲಿ ಬೈಗುಳ ಬರುವಂತಿಲ್ಲ, ಕಾಲಿಗೆ ಕೆರವೂ ಇಲ್ಲ. ಕೊನೆಗೆ ಪಂಜಾ ರೂಪದ ಪೀರಲ ದೇವರು ಹೊಳೆಗೆ ಹೋಗುವ ದಿನ ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ತಾನಾಗಿ ಹರಿದು ಬಿದ್ದರೆ ದೇವರೇ ಬಿಟ್ಟ ಹಾಗೆ, ಆಗ ಯಾರೂ ಏನೂ ಅನ್ನುವುದಿಲ್ಲ. ಇವೆರಡೇ ದಾರಿ.

ಹಿಂದಿನ ದಿನ ದೇವರು ಹಳ್ಳಕ್ಕೆ ಹೋಗಿದ್ದವು. ಪೀರಾ ಸಾಬ್ ದಂಡೆಯ ಮೇಲೆ ಕುಳಿತು ಒಬ್ಬೊಬ್ಬರದೇ ಲಾಡಿ ಬಿಚ್ಚಿದ. ಮೌನಪ್ಪನ ಹೆಸರು ಹಿಡಿದು ಕೂಗಿಸಿಯೂ ನೋಡಿದ. ಮೌನಪ್ಪ ಎಲ್ಲಿದ್ದ? ಗಿರಣಿಯ ಹಿಂದೆ! ಅಲ್ಲಿ ಅವನ ಗೆಳೆಯ ಉರುಕುಂದಪ್ಪನ ಹುಂಜ ಜಗಳಕ್ಕೆ ನಿಂತಿತ್ತು. ಒಂದು ಗಳಿಗೆ ನೋಡಿ ಹೋಗೋಣ ಅಂತ ನಿಂತ ಭೂಪ ಹೊತ್ತು ಮುಳುಗುವ ತನಕ ಕದಲಲಿಲ್ಲ. ‘ನಾಳಿ ಬಿಚ್ಚಿಸಿಕೊಂಡ್ರಾತು, ಮುದುಕ ಎಲ್ಲಿ ಹೋಗ್ತಾನ’ ಅಂದುಕೊಂಡು ಮನೆಗೆ ಬಂದ. ಮುದುಕ ಹೋಗಿಯೇ ಬಿಟ್ಟ.

ಮಣ್ಣು ಮುಗಿದ ಮೇಲೆ ಮೌನಪ್ಪ ಜಮಾತಿನ ಹಿರಿಯ ಮೀರಾಹುಸೇನನ ಮುಂದೆ ರಟ್ಟೆ ಚಾಚಿ ನಿಂತ.

“ಇದನ್ನ ನೀವರ ಬಿಚ್ಚರಿ ಸಾಬ್ರೆ.”

ಮೀರಾಹುಸೇನ ಎರಡು ಹೆಜ್ಜೆ ಹಿಂದೆ ಸರಿದ. “ತೋಬಾ ತೋಬಾ! ಕಟ್ಟಿದ ಕೈ ಮಣ್ಣಿಗೆ ಹೋತು. ನಾ ಮುಟ್ಟಂಗಿಲ್ಲ. ಮುಂದಿನ ಮೊಹರಂಕ ಅವರ ಮಗ ವಲಿ ಪಾಷಾ ಮುಜಾವರ್ ಆಗಿ ಕುಂದುರ್ತಾನ, ಅವನ ಕೈಲಿ ಬಿಚ್ಚಸ್ಕೋ.”

“ವರ್ಷ ಆತಲ್ರೀ ಅದು!”

“ನಿನ್ನಿ ಒಂದು ಗಳಿಗಿ ಸಿಗಲಿಲ್ಲಲ್ಲ ನಿನಗ. ಈಗ ವರ್ಷ ಸಿಕ್ಕದ, ತಗೋ.”

ಮೌನಪ್ಪ ಚಾಚಿದ ರಟ್ಟೆ ಕೆಳಗಿಳಿಸಿದ. ವರ್ಷವಿಡೀ ಫಕೀರ! ಸೇಂದಿ ಇಲ್ಲದ ಸಂಜೆ ಹೇಗಿರುತ್ತದೆಂದು ಅವನಿಗೆ ಮೀಸೆ ಬಂದ ಮೇಲೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕುಳಿತ. ಹೆಂಡತಿ ಸೂಗಮ್ಮ ಎಲ್ಲ ಕೇಳಿಸಿಕೊಂಡಳು.

“ಹಂಗಾರ ವರ್ಷ ಪೂರಾ ಸೇಂದಿ ಇಲ್ಲ?”

“ಇಲ್ಲ.”

“ಇಸ್ಪೀಟು?”

“ಅದೂ ಇಲ್ಲ ಅಂದ್ನೆಲ್ಲ! ಎಷ್ಟು ಸಲ ಕೇಳ್ತಿ?”

“ಪಾಪ,” ಎಂದು ಸೂಗಮ್ಮ ಒಲೆಯ ಕಡೆ ತಿರುಗಿದಳು. ಅವಳ ಮುಖ ಅವನಿಗೆ ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು.

ಹರಕೆ ಹೊತ್ತವಳು ಅವಳೇ. ಕೇರಿಯ ಅಂಚಿನಲ್ಲಿ ಎದೆಯುದ್ದದ ಒಂದು ಗುಂಡಿ ಇತ್ತು. ಅದನ್ನು ತೋಡಿದವನು ಮೌನಪ್ಪನ ಅಪ್ಪ ಹುಲಿಗೆಪ್ಪ. ಊರಬಾವಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಹೆಂಗಸರು ಕೊಡ ಇಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ನಮ್ಮ ಬಾವಿ ನಾವು ತೋಡ್ಕೋಬೇಕು’ ಅಂತ ಹುಲಿಗೆಪ್ಪ ಶುರು ಮಾಡಿದ. ಸಾಯುವಾಗ ಮಗನ ಕೈ ಹಿಡಿದು ಮುಗಿಸು ಅಂದ. ಮಗ ಮುಗಿಸುತ್ತೇನೆ ಅಂದ. ಅಂದದ್ದು ನಿಜ. ಆಮೇಲೆ ಗುಂಡಿಗೆ ಆಡುಗಳು ಬಿದ್ದವು, ಕಸ ಬಿತ್ತು, ಸೂಗಮ್ಮ ಮದುವೆಯಾಗಿ ಬಂದು ಊರಬಾವಿಯ ಬಿಸಿಲಲ್ಲಿ ನಿಂತು ನಿಂತು ಅರ್ಧ ಆಯಸ್ಸು ಕಳೆದಳು. ಮೌನಪ್ಪನಿಗೆ ಬಾವಿ ಮರೆತಿರಲಿಲ್ಲ. ದಿನಾ ನೆನಪಾಗುತ್ತಿತ್ತು, ದಿನಾ ಅಷ್ಟರಲ್ಲಿ ಉರುಕುಂದಪ್ಪ ಕರೆಯುತ್ತಿದ್ದ. ‘ಬಾವ್ಯಾಗ ನೀರು ಬರಲಿ’ ಎಂದು ಸೂಗಮ್ಮ ಪೀರಲ ದೇವರಿಗೆ ಬೇಡಿಕೊಂಡಳು. ಫಕೀರನಾಗುವ ಕೆಲಸ ಗಂಡನಿಗೆ ಬಿತ್ತು. ಶರಬತ್ತು, ಬೆಲ್ಲದ ಚೋಂಗೆ ಸಿಗುತ್ತದೆಂದು ಅವನು ಕುಣಿದುಕೊಂಡೇ ಹೋಗಿದ್ದ.

ಮೊದಲ ಕೆಲವು ದಿನ ಮೌನಪ್ಪ ಹುಚ್ಚನಾಗುವುದೊಂದು ಬಾಕಿ. ಹಗಲು ಕೂಲಿ ಮಾಡಿ ಬಂದರೆ ಸಂಜೆಗೆ ಕಾಲು ತಾವಾಗಿ ಸೇಂದಿ ಅಂಗಡಿಯ ಕಡೆ ಎಳೆಯುತ್ತಿದ್ದವು. ಅಂಗಡಿಯ ಮುಂದೆ ಹೋಗಿ ನಿಂತ. ಅಲ್ಲಿದ್ದವರೇ ಓಡಿಸಿದರು. “ಲೇ ಫಕೀರಾ, ನಿನ್ನ ಕಾಲಿಗಿ ಬೀಳ್ತೀವಿ, ದೇವರ ಸಿಟ್ಟು ನಮ್ಮ ಮ್ಯಾಲ ತರಬ್ಯಾಡ” ಎಂದು ಉರುಕುಂದಪ್ಪ ಕೈಮುಗಿದ. ಇಸ್ಪೀಟಿನವರು ಅವನ ನೆರಳು ಕಂಡರೆ ಎಲೆ ಮುಚ್ಚಿಟ್ಟರು. ಬೈದು ಸಿಟ್ಟು ತೀರಿಸಿಕೊಳ್ಳೋಣವೆಂದರೆ ಬೈಗುಳಕ್ಕೂ ಬೀಗ. ಬಾಯಿಯವರೆಗೆ ಬಂದ ಮಾತನ್ನು ನುಂಗಿ ನುಂಗಿ ಹೊಟ್ಟೆ ಉಬ್ಬಿತು.

ಕೊನೆಗೊಂದು ಮುಂಜಾನೆ, ಏನು ಮಾಡಬೇಕೋ ತಿಳಿಯದೆ, ಬರೀ ಹೊಟ್ಟೆಯುರಿಗೆ ಅಪ್ಪನ ಗುದ್ದಲಿ ಎತ್ತಿಕೊಂಡು ಗುಂಡಿಗೆ ಇಳಿದ. ಭಕ್ತಿ ಅಲ್ಲ, ಅಪ್ಪನಿಗೆ ಕೊಟ್ಟ ಮಾತೂ ಅಲ್ಲ. ಬೈಯಲಾಗದ್ದನ್ನೆಲ್ಲ ನೆಲಕ್ಕೆ ಹೊಡೆದ, ಅಷ್ಟೇ. ಮಧ್ಯಾಹ್ನ ಬಂದು ಚಾಪೆಯ ಮೇಲೆ ಬಿದ್ದವನು ಹೆಣದ ಹಾಗೆ ಮಲಗಿದ. ಎದ್ದಾಗ ಮೈಯೆಲ್ಲ ನೋವು, ಕೈತುಂಬ ಬೊಬ್ಬೆ. ಆದರೆ ಸಂಜೆ ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಅದೊಂದು ಆಶ್ಚರ್ಯವಾಯಿತು. ಮರುದಿನ ಮತ್ತೆ ಇಳಿದ.

ಲಾಡಿ ಹರಿಯಲಿ ಎಂದು ಮಾತ್ರ ಬೇಡಿಕೊಳ್ಳುತ್ತಲೇ ಇದ್ದ. ಕೈಯಾರೆ ಹರಿಯಲು ಧೈರ್ಯವಿಲ್ಲ, ತಾನಾಗಿ ಹರಿದರೆ ಬೇಡ ಅನ್ನುವವನಲ್ಲ. ಬುಟ್ಟಿ ಹೊರುವಾಗ ರಟ್ಟೆಯನ್ನು ಗೋಡೆಗೆ ಉಜ್ಜುತ್ತಿದ್ದ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ತಡವಿ ನೋಡುತ್ತಿದ್ದ. ಬೆವರು ಕುಡಿದು, ಮಣ್ಣು ಮೆತ್ತಿ ಬಣ್ಣ ಕೆಟ್ಟಿತ್ತು, ಆದರೂ ಜಪ್ಪಯ್ಯ ಅಂದರೂ ಹರಿಯಲಿಲ್ಲ.

“ಆ ದಾವಲ್ ಬೀ ಎಂಥಾ ಗಟ್ಟಿ ನೂಲು ಹೊಸೀತಾಳ ನೋಡು,” ಎಂದು ಪೀರಾ ಸಾಬನ ಹೆಂಡತಿಯನ್ನು ಹಾಡಿ ಹೊಗಳಿದ. ಲಾಡಿಯ ನೂಲು ಹೊಸೆಯುವುದು ಪ್ರತಿ ವರ್ಷವೂ ಆಕೆಯದೇ ಕೆಲಸ.

“ಹೌದೌದು, ಬಾಳ ಗಟ್ಟಿ,” ಎಂದಳು ಸೂಗಮ್ಮ.

ಯುಗಾದಿಗೆ ಅವಳು ಮದುವೆಯ ಸೀರೆ ಉಟ್ಟು ಬಂದಳು. ಇದ್ದದ್ದು ಅದೊಂದೇ ಒಳ್ಳೆಯ ಸೀರೆ. ಅದರ ಕೆಂಪು ದಡಿ ಒಂದು ಕಡೆ ಗೇಣಗಲ ಕಿತ್ತುಹೋಗಿತ್ತು. ಮೌನಪ್ಪ ಏನಾಯಿತೆಂದು ಕೇಳಿದ. ಇಲಿ ಕಡಿಯಿತು ಅಂದಳು. “ಇಲಿಗೆ ಬ್ಯಾರೇನೂ ಸಿಗಲಿಲ್ಲೇನು” ಎಂದು ಇಲಿಯ ಮೇಲೆ ಸಿಟ್ಟಾಗಿ ಅವನು ಗುಂಡಿಗೆ ಇಳಿದ.

ಬಿಸಿಲು ಏರಿದಾಗ ಬಂಡೆ ತಗುಲಿತು. ಗುದ್ದಲಿ ಠಣ್ ಅಂದ ಸದ್ದು ಕೇರಿಯವರಿಗೆಲ್ಲ ಕೇಳಿಸಿತು. ಮೌನಪ್ಪ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸಿ ನೋಡಿದ. ಅಪ್ಪ ನಿಂತದ್ದು ಎದೆಯುದ್ದಕ್ಕೆ, ತಾನು ಎರಡಾಳು ಇಳಿದದ್ದಾಯಿತು, ಈಗ ಗುಂಡಿಯ ತಳವಿಡೀ ಒಂದೇ ಕಲ್ಲು! ಯಾರೋ ಹೇಳಿದರು, ರಾಯಚೂರಿನ ಕಮ್ಮಾರರ ಹತ್ತಿರ ರೈಲಿನ ಕಬ್ಬಿಣದ ಹಾರೆ ಸಿಗುತ್ತದೆ ಎಂದು. ಬರಿಗಾಲಲ್ಲಿ ರಾಯಚೂರಿಗೆ ನಡೆದ.

ಅಲ್ಲಿ ಟೇಶನ್ ಹತ್ತಿರ ಬಯಸ್ಕೋಪಿನ ಡೇರೆ ಹಾಕಿದ್ದರು. ಡೋಲು ಬಾರಿಸುತ್ತಾ ಒಬ್ಬ ಕೂಗುತ್ತಿದ್ದ. ಮೌನಪ್ಪನ ಕಾಲು ನಿಂತುಬಿಟ್ಟವು. ಲಾಡಿಯ ನಿಯಮದಲ್ಲಿ ಬಯಸ್ಕೋಪಿನ ಮಾತೇ ಇಲ್ಲವಲ್ಲ! ಹತ್ತಿ ಬಜಾರಿನಲ್ಲಿ ಅಂಡಿಗೆ ಹೊರುತ್ತಿದ್ದ ವಲಿ ಪಾಷಾನನ್ನು ಹುಡುಕಿಕೊಂಡು ಹೋಗಿ, “ಲಾಡಿ ಇದ್ದಾಗ ಬಯಸ್ಕೋಪ್ ನೋಡಬೋದೇನ್ರೀ?” ಎಂದು ಕೇಳಿದ.

ವಲಿ ಪಾಷಾ ಅಂಡಿಗೆ ಕೆಳಗಿಳಿಸಿದ. “ನೋಡಬ್ಯಾಡ ಅಂತ ಎಲ್ಲೂ ಇಲ್ಲ. ನೀ ಇಲ್ಲಿಗಿ ಎದಕ್ಕ ಬಂದಿದ್ದಿ?”

“ಹಾರಿ ಒಯ್ಯಾಕ.”

“ಮತ್ತ?”

ಮೌನಪ್ಪ ಕಮ್ಮಾರನ ಹತ್ತಿರ ಹೋದ. ಹಾರೆ ಹೊತ್ತು ತಿರುಗಿ ನಡೆದ. ಡೇರೆಯ ಡೋಲು ದೂರದವರೆಗೂ ಕೇಳಿಸಿತು.

ಹಾರೆಗೂ ಬಂಡೆ ಬಗ್ಗಲಿಲ್ಲ. ಮೌನಪ್ಪ ದೇವದುರ್ಗಕ್ಕೆ ಹೋದ. ಅವನ ಅಕ್ಕನ ಗಂಡ ಗದ್ದೆಪ್ಪ ಅಲ್ಲಿ ಕಲ್ಲು ಒಡೆಯುವ ಕೂಲಿ ಮಾಡುತ್ತಿದ್ದ. ಗದ್ದೆಪ್ಪ ಎಲ್ಲ ಕೇಳಿ, “ಬಂಡಿ ಮ್ಯಾಲ ಬೆಂಕಿ ಹಾಕು ಮೌನ್ಯಾ. ಕೆಂಪಗ ಕಾಯಲಿ. ಕಾದಾಗ ಒಮ್ಮಿಗೇ ತಣ್ಣೀರು ಸುರಿ. ಬಿರಿಯದಿದ್ರ ನನ್ನ ಕೇಳು,” ಅಂದ. ಆಮೇಲೆ ನಿಂತು, “ಆದ್ರ ನೀರು ಬಾಳ ಬೇಕು,” ಅಂದ.

ನೀರು! ನೀರಿಗಾಗಿ ತೋಡುವ ಬಾವಿಗೆ ಮೊದಲು ನೀರು ಸುರಿಯಬೇಕು! ಮೌನಪ್ಪ ಇದನ್ನು ಕೇರಿಯಲ್ಲಿ ಹೇಳಿದಾಗ ಮುದುಕರು ನಕ್ಕರು. ಹೆಂಗಸರು ನಗಲಿಲ್ಲ. “ಮನಿಗೊಂದು ಕೊಡ ಕೊಡ್ತೀವಿ, ಬೆಂಕಿ ಹಾಕು,” ಎಂದಳು ಸೂಗಮ್ಮ. ಮಿಕ್ಕವರು ತಲೆಯಾಡಿಸಿದರು. ಊರಬಾವಿಯ ಮುಂದೆ ಕೈಚಾಚಿ ತಂದ ನೀರು, ಮಕ್ಕಳಿಗೆ ಕುಡಿಯಲು ಸಾಲದ ನೀರು, ಅದನ್ನು ಗುಂಡಿಯ ಮೇಲಿನಿಂದ ಬೆಂಕಿಗೆ ಸುರಿದರು. ಮೊದಲ ಸಲ ಬಂಡೆ ಕೂಗಿದ ಸದ್ದಿಗೆ ಆಡುಗಳು ಹಗ್ಗ ಹರಿದುಕೊಂಡು ಓಡಿದವು. ಅಂಗೈಯಗಲದ ಚಕ್ಕೆ ಎದ್ದಿತು. ಆಹಾ, ಅಷ್ಟೇ! ಮತ್ತೆ ಕಟ್ಟಿಗೆ ಕೂಡಿಸಬೇಕು, ಮತ್ತೆ ನೀರು ಬೇಡಬೇಕು. ಜಗತ್ತಿನ ದೊಡ್ಡ ಲಡಾಯಿಯ ಕಾಲ, ಎಲ್ಲವೂ ತುಟ್ಟಿ, ಕಟ್ಟಿಗೆ ಕೂಡ. ಆದರೂ ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಜೋಳ ತೆನೆಗೆ ಬಂತು, ಮೌನಪ್ಪ ಗುಂಡಿ ಬಿಡಲಿಲ್ಲ. ಉರುಕುಂದಪ್ಪ ಈಗ ಅವನನ್ನು ಕರೆಯುವುದನ್ನೇ ಬಿಟ್ಟಿದ್ದ. ಕರೆದರೂ ಕೇಳಿಸುವಷ್ಟು ಮೇಲೆ ಮೌನಪ್ಪ ಇರುತ್ತಿರಲಿಲ್ಲ.

ಮತ್ತೆ ಮೊಹರಂ ಬಂತು. ದೇವರು ಹೊಳೆಗೆ ಹೋಗುವ ದಿನ ಬೆಳಿಗ್ಗೆ ಮೌನಪ್ಪ ಬಾವಿಯ ತಳದಲ್ಲಿ ಎಂದೂ ಹಾಕದಷ್ಟು ದೊಡ್ಡ ಬೆಂಕಿ ಹಾಕಿದ. ತಿಂಗಳುಗಟ್ಟಲೆ ಕೂಡಿಸಿದ ಜಾಲಿ ಕಟ್ಟಿಗೆಯೆಲ್ಲ ಅದಕ್ಕೇ ಹೋಯಿತು. ಬಂಡೆ ಕಾಯಲು ಮಧ್ಯಾಹ್ನವಾಗುತ್ತದೆ. ಅಷ್ಟರಲ್ಲಿ ಲಾಡಿ ಬಿಚ್ಚಿಸಿಕೊಂಡು ಬಂದುಬಿಡುತ್ತೇನೆ ಎಂದು ಹೇಳಿ ಹಳ್ಳಕ್ಕೆ ಹೊರಟ. ಸೂಗಮ್ಮ ಅವನ ಹಿಂದೆ ಬಂದಳು. ಯಾಕೋ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಹಳ್ಳದ ದಂಡೆಯಲ್ಲಿ ಊರೇ ಸೇರಿತ್ತು. ಹೊಸ ಮುಜಾವರ್ ವಲಿ ಪಾಷಾ ತಂದೆಯ ಜಾಗದಲ್ಲಿ ಕುಳಿತಿದ್ದ, ಪಕ್ಕದಲ್ಲಿ ತಾಯಿ ದಾವಲ್ ಬೀ. ಮೌನಪ್ಪ ಈ ಸಲ ಎಲ್ಲರಿಗಿಂತ ಮೊದಲು ಹೋಗಿ ರಟ್ಟೆ ಚಾಚಿದ. ಜನ ನಕ್ಕರು, ಅವನೂ ನಕ್ಕ. ವಲಿ ಪಾಷಾ ಗಂಟಿಗೆ ಕೈಹಾಕಿ, ಯಾಕೋ ತಡೆದು, ತಾಯಿಯ ಕಡೆ ನೋಡಿದ. ಮುದುಕಿ ಬಗ್ಗಿ ಲಾಡಿಯನ್ನು ಬೆರಳಲ್ಲಿ ಹೊಸಕಿದಳು. ಉಗುಳು ಹಚ್ಚಿ ಮಣ್ಣು ಒರೆಸಿದಳು.

“ಯಾ ಅಲ್ಲಾ! ಇದು ನಾ ಹೊಸದ ನೂಲಲ್ಲ ಮೌನ್ಯಾ.”

“ಏನಂತೀ ಯವ್ವಾ?”

“ನಾ ಹೊಸಿಯೋದು ಹತ್ತಿ ನೂಲು. ಇದು ಸೀರಿ ದಡಿ.”

 ಸೀರೆಯ ದಡಿ! ಇಲಿ! ಮೌನಪ್ಪ ಗರಕ್ಕನೆ ತಿರುಗಿ ಹೆಂಡತಿಯನ್ನು ನೋಡಿದ. ಸೂಗಮ್ಮ ತಲೆ ತಗ್ಗಿಸಲಿಲ್ಲ.

“ಹರದಿತ್ತು,” ಎಂದಳು. “ನಾನೇ ಕಟ್ಟಿದೆ.”

 ಉರುಕುಂದಪ್ಪನ ಗಂಟಲು ಎದ್ದಿತು. “ಯಪ್ಪಾ! ದೇವರಿಗಿ ಫಕೀರ ಆಗ್ಯಾನ ಅಂತ ನಾವು ಕೈಮುಗುದ್ರ, ಈ ಮಗ ಹೆಂಡ್ತಿ ಸೀರಿಗಿ ಫಕೀರ ಆಗ್ಯಾನಲ್ಲೋ!”

ದಂಡೆಗೆ ದಂಡೆಯೇ ನಕ್ಕಿತು. ಆ ನಗುವಿನಲ್ಲಿ ಮೌನಪ್ಪ ಸತ್ತುಹೋದ. ದೇವರು ಅವನನ್ನು ಎಂದೋ ಬಿಟ್ಟಿದ್ದ! ಸೇಂದಿ ಕುಡಿಯಬಹುದಿತ್ತು, ಎಲೆ ಹಿಡಿಯಬಹುದಿತ್ತು, ರಾಯಚೂರಿನ ಬಯಸ್ಕೋಪು ನೋಡಬಹುದಿತ್ತು. ಮುಳ್ಳು ತುಳಿದ ಬರಿಗಾಲು, ನುಂಗಿದ ಬೈಗುಳ, ಎಲ್ಲ ಯಾರಿಗಾಗಿ? ಹೆಂಡತಿ ಕೋತಿಯನ್ನು ಕಟ್ಟಿದ ಹಾಗೆ ಕಟ್ಟಿ ಆಡಿಸಿದ್ದಾಳೆ! ವರ್ಷದ ಮೇಲೆ ಅವನ ಬಾಯಿಂದ ಬೈಗುಳ ಹೊರಟಿತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಉರುಕುಂದಪ್ಪ ಅವನ ಹೆಗಲ ಮೇಲೆ ಕೈಹಾಕಿ, “ಬಾ ಬಾ, ಆಗಿದ್ದು ಆತು,” ಎಂದು ಎಳೆದುಕೊಂಡು ನಡೆದ.

ಸೇಂದಿ ಅಂಗಡಿಯ ಮುಂದೆ ಹೊಸ ಚಾಪೆ ಹಾಸಿದರು. ಸಣ್ಣ ಗಡಿಗೆಯಂಥ ಮುಂತದ ತುಂಬ ಸೇಂದಿ ತಂದಿಟ್ಟರು. ವರ್ಷದ ಹಿಂದಿನ ಅದೇ ವಾಸನೆ. ಮೌನಪ್ಪ ಮುಂತ ಎತ್ತಿದ. ತುಟಿಗೆ ಹಿಡಿದವನ ಕಣ್ಣು ಅದರ ಅಂಚಿನ ಮೇಲಿಂದ ಕೇರಿಯ ಕಡೆ ಹೋಯಿತು. ಬಾವಿಯಿಂದ ಹೊಗೆ ಏಳುತ್ತಿತ್ತು. ಬೆಳಿಗ್ಗೆ ಕರ್ರಗೆ ದಪ್ಪಗೆ ಇದ್ದ ಹೊಗೆ ಈಗ ಬಿಳಿಯಾಗಿ ಸಣ್ಣಗಾಗಿತ್ತು. ಅದರ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬೆಂಕಿ ಇಳಿಯುತ್ತಿದೆ, ಬಂಡೆ ಕಾದು ನಿಂತಿದೆ. ಈಗ ಸುರಿಯದಿದ್ದರೆ ತಿಂಗಳುಗಳ ಕಟ್ಟಿಗೆ ಬೂದಿಯಾಗಿ ಹೋಗುತ್ತದೆ, ಹೆಂಗಸರು ನಸುಕಿನಿಂದ ಬೇಡಿ ತಂದ ನೀರು ಕೊಡದಲ್ಲೇ ಉಳಿಯುತ್ತದೆ. ಎಷ್ಟು ಕೆಂಪಾದಾಗ ಸುರಿಯಬೇಕೆಂದು ಮೇಲಿನಿಂದ ನೋಡಿ ಹೇಳುವವನು ಅವನೊಬ್ಬನೇ.

“ಕುಡಿಯೋ, ಏನು ನೋಡಾಕತ್ತಿ?” ಎಂದ ಉರುಕುಂದಪ್ಪ. “ಈಗ ಯಾರ ಅಂಜಿಕೀನೂ ಇಲ್ಲ ನಿನಗ.”

ಮೌನಪ್ಪ ರಟ್ಟೆ ತಡವಿಕೊಂಡ. ನಿಜ, ಯಾರ ಅಂಜಿಕೆಯೂ ಇಲ್ಲ. ಅವನು ಮುಂತ ಕೆಳಗಿಟ್ಟ. ಸೇಂದಿ ತುಳುಕಿ ಚಾಪೆ ನೆನೆಯಿತು. “ಬಂಡಿ ಆರ್ತದಲೇ!” ಎಂದು ಕೂಗಿ ಓಡಿದ. ಏನಾಯಿತೆಂದು ತಿಳಿಯದೆ ಉರುಕುಂದಪ್ಪನೂ ಅವನ ಹಿಂದೆ ಓಡಿದ.

ಹೆಂಗಸರು ಬಾವಿಯ ಸುತ್ತ ಕೊಡ ಹಿಡಿದು ಬಾಯಿ ಬಾಯಿ ಬಿಡುತ್ತಾ ನಿಂತಿದ್ದರು. ಸೂಗಮ್ಮನೂ ಇದ್ದಳು. ಮೌನಪ್ಪ ಅವಳ ಮುಖ ನೋಡಲಿಲ್ಲ. ಬಗ್ಗಿ ತಳ ನೋಡಿದ. ಇನ್ನೂ ಕೆಂಪಿತ್ತು. “ಸುರೀರಿ! ಎಲ್ಲಾರೂ, ಒಮ್ಮಿಗೇ!” ಎಂದು ಕೂಗಿದ. ಕೊಡಗಳು ಬಾಗಿದವು. ಗುಂಡಿಯೊಳಗಿಂದ ಸಿಡಿಲಿನಂಥ ಸದ್ದು ಎದ್ದಿತು, ಬಿಸಿ ಹಬೆ ಮುಖಕ್ಕೆ ರಾಚಿತು, ಎಲ್ಲರೂ ಹಿಂದಕ್ಕೆ ಬಿದ್ದರು.

ಹಬೆ ಇಳಿದ ಮೇಲೆ ನೋಡಿದರೆ ಬಂಡೆಯ ನಡುವೆ ಉದ್ದಕ್ಕೆ ಬಿರುಕು. ಬಿರುಕಿನ ಗುಂಟ ಕಪ್ಪಗೆ ಹಸಿ. ಸುರಿದ ನೀರೇ ಅದು ಎಂದುಕೊಂಡು ಎಲ್ಲರೂ ಖಾಲಿ ಕೊಡ ಎತ್ತಿಕೊಂಡರು. ಮೌನಪ್ಪ ಮಾತ್ರ ಕಣ್ಣು ಕೀಳಲಿಲ್ಲ. ಸುಡುವ ಬಂಡೆಯ ಮೇಲೆ ಬಿದ್ದ ನೀರು ಆರಿಹೋಗಬೇಕು, ಪ್ರತಿ ಸಲವೂ ಹಾಗೇ ಆಗುತ್ತಿತ್ತು. ಇದು ಆರಲಿಲ್ಲ. ಅಗಲವಾಯಿತು. ತಡೆಯಲಾಗದೆ ಹಗ್ಗ ಹಿಡಿದು ಇಳಿದ. ಕಾಲು ಚುರ್ ಎನ್ನುತ್ತಿದ್ದರೂ ಬಿರುಕಿಗೆ ಕೈಯಿಟ್ಟ. ತಣ್ಣಗೆ ಕೊರೆಯುವ ನೀರು ಬೆರಳ ಸಂದಿನಿಂದ ಉಕ್ಕಿತು!  ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ತೋರಿಸಿದ, ಅಷ್ಟೇ. ಮೇಲೆ ಹೆಂಗಸರು ಹೋ ಎಂದು ಅತ್ತರು. ಉರುಕುಂದಪ್ಪ ಕೂಡ ಅತ್ತ, ನಾಚಿಕೆಗೆಟ್ಟವನು.

ಸೂಗಮ್ಮ ಕೊಡ ಕಂಕುಳಲ್ಲಿಟ್ಟುಕೊಂಡು, ಗೋಡೆಯಲ್ಲಿ ಅವನೇ ಕೊರೆದ ಮೆಟ್ಟಿಲು ಹಿಡಿದು ಕೆಳಗೆ ಇಳಿದು ಬಂದಳು. ಪಾದ ಮುಳುಗುವಷ್ಟು ನೀರಾಗಿತ್ತು. ಇಬ್ಬರೂ ಎದುರುಬದುರು ನಿಂತರು. ಲಾಡಿ ಇನ್ನೂ ಅವನ ರಟ್ಟೆಯಲ್ಲೇ ಇತ್ತು. ದಂಡೆಯ ಗಲಾಟೆಯಲ್ಲಿ ಅದನ್ನು ಯಾರೂ ಬಿಚ್ಚಿರಲಿಲ್ಲ.

“ಯಾವಾಗ ಹರದಿತ್ತು?” ಎಂದು ಕೇಳಿದ. ಯುಗಾದಿಗೆ ನಾಲ್ಕು ದಿನ ಮುಂಚೆ ಅನ್ನಬಹುದು ಎಂದು ಅವನು ಎಣಿಸಿದ್ದ.

“ನೀ ಮೊದಲ್ನೇ ಸಲ ಗುದ್ದಲಿ ಎತ್ತಿದ ದಿನ,” ಎಂದಳು ಸೂಗಮ್ಮ. “ಮಧ್ಯಾಹ್ನ ಮಕ್ಕೊಂಡಿದ್ದಿ. ಹರದು ಚಾಪಿ ಮ್ಯಾಲ ಬಿದ್ದಿತ್ತು. ನೀ ಏಳೋದ್ರಾಗ ದಡಿ ಕಿತ್ತು ಹೊಸದು, ಮಣ್ಣು ಹಚ್ಚಿ ಕಟ್ಟಿಬಿಟ್ಟೆ.”

ಮೊದಲ ದಿನ! ಹಾಗಾದರೆ ದೇವರ ಲಾಡಿ ಕಟ್ಟಿಕೊಂಡು ಅವನು ತೋಡಿದ್ದು ಅರ್ಧ ಹಗಲು ಮಾತ್ರ. ಮಿಕ್ಕ ಬಾವಿಯೆಲ್ಲ, ಆ ಬಂಡೆಯೆಲ್ಲ, ರಾಯಚೂರು ದೇವದುರ್ಗದ ದಾರಿಯೆಲ್ಲ, ಯಾವ ಕಟ್ಟೂ ಇಲ್ಲದ ಮೌನಪ್ಪನದು. ಅವನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿದ, ಬೇರೆ ಯಾರದೋ ಕೈ ನೋಡಿದ ಹಾಗೆ. ತೆರೆದ ಬಾಯಿ ತೆರೆದೇ ಇತ್ತು. ನೀರು ಹಿಮ್ಮಡಿಗೆ ಏರಿತು.

“ಬಾಯಿ ಮುಚ್ಚು,” ಎಂದಳು ಸೂಗಮ್ಮ, ಕೊಡವನ್ನು ಅವನ ಕೈಗೆ ಕೊಡುತ್ತಾ. “ಮೊದಲ ಇದನ್ನ ತುಂಬು. ಮ್ಯಾಲ ಎಲ್ಲಾರೂ ಕಾಯಾಕತ್ಯಾರ.”